ಪಕ್ಕವಾದ್ಯದವರ ಪ್ಲೇಟುಗಳು

(ಕೆಂಗೇರಿ ಉಪನಗರದ ಸಂಗೀತಾಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)

ಕಛೇರಿಯಲ್ಲಿ ತನಿ ಆವರ್ತನ ಶುರುವಾಯಿತೆಂದರೆ ಕಾಫಿಗೆ ಎದ್ದುಹೋಗುವುದು ಹಳೆಯ ಪದ್ಧತಿ. ಈ ಮಾತಿಗೆ ಹಿಂದಿನ ಸಾಲಿನಲ್ಲಿ ಈಗ ನಕ್ಕವರೂ ಅದನ್ನು ಮಾಡಿದವರೇ ಇರಬೇಕು. ಗಾಯಕರು ಗಂಟೆಗಟ್ಟಲೆ ಹಾಡಿ, ಕೈಸನ್ನೆ ಮಾಡಿ, ತಾಳ ಹಾಕುತ್ತ ಕೂರುತ್ತಾರೆ. ಆಗ ಮೃದಂಗ, ಘಟ, ಖಂಜಿರ, ಮೋರ್ಚಿಂಗ್‌ನವರಿಗೆ ಸಿಗುವುದು ಹತ್ತಿಪ್ಪತ್ತು ನಿಮಿಷ. ಅಷ್ಟರಲ್ಲಿ ಅರ್ಧ ಕುರ್ಚಿಗಳು ಖಾಲಿ. ಇಂಥ ಲಯವಾದ್ಯಗಾರರು ತಮ್ಮದೇ ಹೆಸರಿನಲ್ಲಿ ಹೊರತಂದ ಧ್ವನಿಮುದ್ರಿಕೆಗಳನ್ನು ಹುಡುಕಿ ಹುಡುಕಿ ಕೂಡಿಡುವವರಿದ್ದಾರೆ. ಇಂದಿನ ಮಾತು ಆ ಗೀಳನ್ನು ಕುರಿತದ್ದು.

ಈ ಗೀಳು ಪಶ್ಚಿಮದಲ್ಲೂ ಉಂಟು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹಾಲ್ ಬ್ಲೇನ್ ಎಂಬ ಡ್ರಮ್ಮರ್ ಇದ್ದರು. ಕರೆ ಬಂದಾಗ ಸ್ಟುಡಿಯೋಗೆ ಹೋಗಿ, ನುಡಿಸಿ, ಸಂಭಾವನೆ ಪಡೆದು ಮನೆಗೆ ಬರುವ ವೃತ್ತಿ ಅವರದು. 1963ರ ‘ಬಿ ಮೈ ಬೇಬಿ’ ಹಾಡಿನ ಆರಂಭದ ಬಡಿತ ಲೋಕಪ್ರಸಿದ್ಧ. ಬಡಿದವರು ಯಾರೆಂದು ಕೇಳುಗರಿಗೆ ತಿಳಿದದ್ದು ಬಹಳ ತಡವಾಗಿ. 1967ರಲ್ಲಿ ಅವರು ‘ಸೈಕೆಡೆಲಿಕ್ ಪರ್ಕಶನ್’ ಎಂಬ ಸ್ವಂತ ಆಲ್ಬಂ ಮಾಡಿದರು. ಸಂಗ್ರಾಹಕರು ಅದನ್ನು ಅರಸುವುದು ಹಾಡುಗಳ ಸೊಗಸಿಗೆ ಮಾತ್ರವಲ್ಲ, ಹೊದಿಕೆಯ ಮೇಲೆ ಆ ಹೆಸರು ಇದೆ ಎಂಬ ಕಾರಣಕ್ಕೂ ಹೌದು.

ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಡ್ರಮ್ಮರ್ ಮಿಕ್ಕಿ ಹಾರ್ಟ್ ಅವರದು ಇನ್ನೂ ಕುತೂಹಲದ ಕಥೆ. 1972ರ ಅವರ ಮೊದಲ ಸ್ವಂತ ಆಲ್ಬಂ ‘ರೋಲಿಂಗ್ ಥಂಡರ್’ನಲ್ಲಿ ಅಲ್ಲಾ ರಖಾ ಮತ್ತು ಜಾಕಿರ್ ಹುಸೇನ್ ಇದ್ದಾರೆ. 1991ರ ‘ಪ್ಲಾನೆಟ್ ಡ್ರಮ್’ನಲ್ಲಿ ಜಾಕಿರ್ ಜೊತೆಗೆ ಘಟದ ಟಿ.ಎಚ್. ವಿನಾಯಕರಾಂ. ವಿಶ್ವ ಸಂಗೀತಕ್ಕೆಂದು ಕೊಟ್ಟ ಮೊತ್ತಮೊದಲ ಗ್ರ್ಯಾಮಿ ಅದಕ್ಕೆ ದೊರೆಯಿತು. ರಾಕ್ ಡ್ರಮ್ಮರನನ್ನು ಹಿಂಬಾಲಿಸಿ ಹೊರಟವನು ಮಣ್ಣಿನ ಮಡಕೆಯ ಬಳಿ ಬಂದು ನಿಲ್ಲುತ್ತಾನೆ! ಆ ಮಡಕೆಯಿಂದ ಬೆಂಗಳೂರಿಗೆ ದಾರಿ ದೂರವಿಲ್ಲ. ವಿನಾಯಕರಾಂ ಅವರ ಶಿಷ್ಯೆ ಸುಕನ್ಯಾ ರಾಮಗೋಪಾಲ್ ನೆಲೆಸಿರುವುದು ಇಲ್ಲೇ. ಘಟ ಹೆಂಗಸರ ವಾದ್ಯವಲ್ಲ ಎಂಬ ಮಾತನ್ನು ಬದಿಗೊತ್ತಿ, 1995ರಲ್ಲಿ ಮಹಿಳೆಯರದೇ ‘ಸ್ತ್ರೀ ತಾಳ ತರಂಗ’ ಕಟ್ಟಿದವರು ಅವರು.

ಹಳೆಯ 78 ಸುತ್ತಿನ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ಅದರೊಳಗೆ ಕೀರ್ತನೆಯನ್ನೇ ಮಡಚಿ ತುರುಕಬೇಕಿತ್ತು, ತನಿಗೆ ಜಾಗವೆಲ್ಲಿ? 1948ರಲ್ಲಿ ಎಲ್.ಪಿ. ಬಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸಿಕ್ಕ ಮೇಲೆ ಲಯವಾದ್ಯಕ್ಕೆ ಉಸಿರಾಡುವ ಅವಕಾಶವಾಯಿತು. 1968ರಲ್ಲಿ ಅಲ್ಲಾ ರಖಾ ಮತ್ತು ಅಮೆರಿಕದ ಜಾಜ್ ಡ್ರಮ್ಮರ್ ಬಡ್ಡಿ ರಿಚ್ ಸೇರಿ ಒಂದು ಎಲ್.ಪಿ.ಯನ್ನೇ ಮಾಡಿದರು.

ಬೆಂಗಳೂರಿನ ಮಟ್ಟಿಗೆ ಈ ಕಥೆಯ ಕೇಂದ್ರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅದನ್ನು 1964ರಲ್ಲಿ ಸ್ಥಾಪಿಸಿದರು. ಗಾಯನಕ್ಕಾಗಿಯಲ್ಲ, ತಾಳಕ್ಕಾಗಿಯೇ ಒಂದು ಶಾಲೆ. ಎಂಬ್ರಿಯೊ ಎಂಬ ಜರ್ಮನ್ ರಾಕ್ ತಂಡ 1970ರ ದಶಕದ ಕೊನೆಯಲ್ಲಿ ಬಸ್ಸಿನಲ್ಲಿ ಭಾರತಕ್ಕೆ ಬಂದು ಇವರೊಡನೆ ನುಡಿಸಿತು. ಮದರಾಸಿನ ರಮೇಶ್ ಶೋಥಮ್, ‘ಹ್ಯೂಮನ್ ಬಾಂಡೇಜ್’ ರಾಕ್ ತಂಡದ ಡ್ರಮ್ಮರ್, ಇದೇ ಕಾಲೇಜಿನಲ್ಲಿ ಕಲಿತು ಜರ್ಮನಿಗೆ ಹೋದರು. ಅಲ್ಲಿ ಡ್ರಮ್ ಸೆಟ್ಟಿನ ಪಕ್ಕದಲ್ಲೇ ತವಿಲ್, ಅಂದರೆ ನಮ್ಮ ನಾಗಸ್ವರದವರ ಡೋಲು, ಇಟ್ಟುಕೊಂಡು ನುಡಿಸಿದವರು.

ಸಂಗ್ರಾಹಕರು ಕಣ್ಣಿಗೊತ್ತಿಕೊಳ್ಳುವ ಆಲ್ಬಂ ‘ಜ್ಯೋತಿ’. 1983ರಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ ಮುದ್ರಣವಾಗಿ ಇ.ಸಿ.ಎಂ. ಸಂಸ್ಥೆಯಿಂದ ಹೊರಬಂತು. ಅದರಲ್ಲಿ ಸ್ಯಾಕ್ಸೊಫೋನ್, ಕೊಳಲು ಚಾರ್ಲಿ ಮರಿಯಾನೊ ಅವರದು. ಜಾಜ್ ದಿಗ್ಗಜ ಮಿಂಗಸ್ ಜೊತೆ ನುಡಿಸಿದ್ದ ಇವರು ನಾಗಸ್ವರವನ್ನೂ ಅಭ್ಯಾಸ ಮಾಡಿದವರು. ಗಾಯನ ಆರ್.ಎ. ರಮಾಮಣಿ, ಮೃದಂಗ ಮಣಿ, ಘಟ ಮತ್ತು ಮೋರ್ಚಿಂಗ್ ಆರ್.ಎ. ರಾಜಗೋಪಾಲ್, ಖಂಜಿರ ಟಿ.ಎನ್. ಶಶಿಕುಮಾರ್. ಆರೇ ಆರು ರಚನೆಗಳು. ಮೊದಲನೆಯದು ಬರೀ ಕಂಠ. ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕೊನ್ನಕ್ಕೋಲು ಬಂದಾಗ ಸ್ಯಾಕ್ಸೊಫೋನೇ ಪಕ್ಕವಾದ್ಯವಾಯಿತೇನೋ ಎನಿಸುತ್ತದೆ. ಮುಖಪುಟದಲ್ಲಿ ಮರಿಯಾನೊ ಹೆಸರಿನ ಜೊತೆಗೇ ಕಾಲೇಜಿನ ಹೆಸರೂ ಇರುವುದು ನ್ಯಾಯವೇ.

ಉಪನಗರದಿಂದ ಇಂಥವನ್ನು ಅರಸಿ ಹೊರಡುವವರಿಗೆ 2021ರಲ್ಲಿ ಮೆಟ್ರೋ ಬಂದ ಮೇಲೆ ದಾರಿ ಸಲೀಸಾಗಿದೆ. ಮೆಜೆಸ್ಟಿಕ್‌ನಲ್ಲಿ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆ ಹತ್ತಿರ. ಬಿಸಿಲೇರುವ ಮುನ್ನ ಹೋಗಬೇಕು, ಬಿಸಿಲಿಗೆ ಪ್ಲೇಟು ಸೊಟ್ಟಗಾಗುತ್ತದೆ. ಕೈಗೆತ್ತಿಕೊಂಡದ್ದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡಬೇಕು. ಗೆರೆಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಆಮೇಲೆ ಹೊದಿಕೆಯ ಹಿಂಬದಿಯ ಸಣ್ಣಕ್ಷರ. ಎಚ್.ಎಂ.ವಿ.ಯ ಕರ್ನಾಟಕ ಸಂಗೀತದ ಎಲ್.ಪಿ.ಗಳಲ್ಲಿ ಪಿಟೀಲು, ಮೃದಂಗದವರ ಹೆಸರು ಸಾಮಾನ್ಯವಾಗಿ ಸಿಗುತ್ತದೆ. ಸಿನಿಮಾ ಪ್ಲೇಟಿನ ಲೇಬಲ್ಲಿನಲ್ಲಿ ಚಿತ್ರ, ಗಾಯಕರು, ಕವಿ, ಸಂಗೀತ ನಿರ್ದೇಶಕ, ಅಷ್ಟೇ. ತಬಲ, ಡೋಲಕ್, ಡ್ರಮ್ಸ್, ಗಿಟಾರ್ ನುಡಿಸಿದವರಿಗೆ ಅಲ್ಲಿ ಜಾಗವಿಲ್ಲ. 1978ರಲ್ಲಿ ‘ನಿತ್ಯೋತ್ಸವ’ದಿಂದ ಮೊದಲುಗೊಂಡು ಭಾವಗೀತೆಗಳ ಧ್ವನಿಸುರುಳಿಗಳು ಮನೆಮನೆ ತುಂಬಿದವು. ಸುರುಳಿ ಅಂಟಿಕೊಂಡು ಹಾಳಾಗಿದ್ದರೂ ಡಬ್ಬಿಯೊಳಗಿನ ಮಡಿಸಿದ ಕಾಗದವನ್ನು ಮಾತ್ರ ಬಿಸಾಡಬೇಡಿ. ವಾದ್ಯವೃಂದದವರ ಹೆಸರು ಅಚ್ಚಾಗಿದ್ದರೆ ಅದರಲ್ಲೇ.

ಹೆಸರಿನ ಮಾತು ಬರೀ ಅಭಿಮಾನದ್ದಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರದರ್ಶಕ ಕಲಾವಿದರಿಗೆ ರಾಯಲ್ಟಿಯ ಹಕ್ಕು ನೀಡಿತು. ಆ ಹಕ್ಕಿನ ಅವಧಿ 50 ವರ್ಷ. ಜೊತೆಗೇ ಒಂದು ಷರತ್ತೂ ಸೇರಿತು: ಚಲನಚಿತ್ರದಲ್ಲಿ ಒಬ್ಬರ ಪ್ರದರ್ಶನ ಪ್ರಾಸಂಗಿಕವಾಗಿದ್ದು, ಉದ್ಯಮದ ವಾಡಿಕೆಯಂತೆ ಎಲ್ಲಿಯೂ ಅವರನ್ನು ಹೆಸರಿಸಿರದಿದ್ದರೆ, ಒಂದು ಸೀಮಿತ ಉದ್ದೇಶಕ್ಕಲ್ಲದೆ ಅವರನ್ನು ಪ್ರದರ್ಶಕರೆಂದೇ ಎಣಿಸುವಂತಿಲ್ಲ. ಹಾಡಿನುದ್ದಕ್ಕೂ ತಬಲ ನುಡಿಸಿದವರದು ಪ್ರಾಸಂಗಿಕವೇ? ವಕೀಲರು ವಾದಿಸಲಿ. ಆದರೆ ಹೆಸರು ಹಾಕದೇ ಇದ್ದದ್ದು ಉದ್ಯಮದ ತಪ್ಪು, ಅದರ ನಷ್ಟ ಹೊರುವವರು ನುಡಿಸಿದವರು. ಮೊಬೈಲಿನಲ್ಲಿ ಅದೇ ಹಾಡು ಕೇಳುವಾಗ ತೆರೆಯ ಮೇಲೆ ಮೂಡುವುದೂ ಸಾಮಾನ್ಯವಾಗಿ ಗಾಯಕರ, ಸಂಗೀತ ನಿರ್ದೇಶಕರ ಹೆಸರಷ್ಟೆ.

ಉಪನಗರದ ಹಳೆಯ ಮನೆಗಳನ್ನು ಕೆಡವಿ ಮಹಡಿ ಎಬ್ಬಿಸುವಾಗ ಅಟ್ಟದ ಪೆಟ್ಟಿಗೆಗಳು ಹಳೇ ಪೇಪರಿನ ಅಂಗಡಿಗೆ ತೂಕಕ್ಕೆ ಹೋಗುತ್ತವೆ. ಕೊಡುವ ಮುನ್ನ ಒಮ್ಮೆ ತೆರೆದು ನೋಡಿ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಬೂಷ್ಟು ಹಿಡಿದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಮೆತ್ತನೆಯ ಹತ್ತಿ ಬಟ್ಟೆ ಅದ್ದಿ, ಹಿಂಡಿ, ಗೆರೆ ಹೋದ ದಿಕ್ಕಿನಲ್ಲೇ ಒರೆಸಿ. ನಡುವಿನ ಲೇಬಲ್ ಮಾತ್ರ ಒದ್ದೆಯಾಗದಿರಲಿ, ಹೆಸರಿರುವುದು ಅಲ್ಲೇ.