ವಿದ್ಯಾರ್ಥಿ ಸಂಘಗಳು: ಕೂಟ, ಚರ್ಚೆ, ಸೇವೆ

ವರ್ಷದ ಆರಂಭದಲ್ಲಿ ನಮ್ಮ ಕಾಲೇಜುಗಳಲ್ಲಿ ಹಲವು ಸಂಘಗಳು ಹುಟ್ಟುತ್ತವೆ; ವರ್ಷದ ಕೊನೆಯಲ್ಲಿ ಅವುಗಳ ವರದಿಯನ್ನು ಓದುತ್ತಾರೆ. ಉದ್ಘಾಟನೆ ಒಂದು, ಉಪನ್ಯಾಸಗಳು ಇಷ್ಟು, ಸಂತೋಷಕೂಟ ಒಂದು, ಸೇವಾ ಶಿಬಿರ ಒಂದು ಎಂದು ಕಾರ್ಯದರ್ಶಿಗಳು ಲೆಕ್ಕ ಒಪ್ಪಿಸುತ್ತಾರೆ. ವಂದನಾರ್ಪಣೆ ಮುಗಿದ ಮೇಲೆ ಎಲ್ಲರೂ ಪರೀಕ್ಷೆಯ ಚಿಂತೆಗೆ ತೊಡಗುತ್ತಾರೆ. ಈ ಸಂಘಗಳಿಂದ ಆಗತಕ್ಕದ್ದೇನು, ಅವು ಯಾರಿಗಾಗಿ ಇರತಕ್ಕವು ಎಂದು ಕೇಳುವವರು ವಿರಳ. ಕಲಬುರಗಿಯಲ್ಲಿ ಪಾಠ ಹೇಳುವ ನನಗೆ ಆ ಪ್ರಶ್ನೆ ಅಲಕ್ಷಿಸತಕ್ಕದ್ದಲ್ಲವೆಂದು ತೋರಿದೆ. ಅದನ್ನು ಕುರಿತು ಕೆಲವು ಮಾತುಗಳನ್ನು ಶ್ರೋತೃಗಳ ಮುಂದಿಡುವುದು ಈ ಭಾಷಣದ ಉದ್ದೇಶ.

ವಿದ್ಯಾರ್ಥಿ ಸಂಘಕ್ಕೆ ಮೂರು ಕೆಲಸಗಳುಂಟು. ಕೂಡಿ ಸಂತೋಷಪಡುವುದು ಮೊದಲನೆಯದು, ಕೂಡಿ ಆಲೋಚಿಸುವುದು ಎರಡನೆಯದು, ಕೂಡಿ ದುಡಿಯುವುದು ಮೂರನೆಯದು. ಇವನ್ನು ನಾವು ಮೂರು ಬೇರೆ ಬೇರೆ ಸಮಿತಿಗಳಿಗೆ ಹಂಚಿಕೊಟ್ಟು, ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆಸುತ್ತ ಬಂದಿದ್ದೇವೆ. ಪರಿಚಯವಿಲ್ಲದವರ ನಡುವೆ ಚರ್ಚೆ ಬೆಳೆಯಲಾರದು. ಚರ್ಚೆಯಿಲ್ಲದ ಸೇವೆ ಒಂದು ಮೆರವಣಿಗೆಯಾಗಿ ಮುಗಿಯುತ್ತದೆ. ಸೇವೆಯ ಅನುಭವವಿಲ್ಲದ ಚರ್ಚೆಯಾದರೋ ಬರಿಯ ವಾಗ್ವಿಲಾಸ. ಇವು ಮೂರೂ ಒಂದೇ ಶಿಕ್ಷಣದ ಅಂಗಗಳೆಂಬುದೇ ನನ್ನ ಮಾತಿನ ಸಾರ.

ಇಂಥ ಸಂಘಗಳ ಚರಿತ್ರೆ ಹಳೆಯದು. ಕೇಂಬ್ರಿಜ್ಜಿನ ವಿದ್ಯಾರ್ಥಿಗಳ ಚರ್ಚಾಸಂಘ 1815ರಲ್ಲಿಯೂ ಆಕ್ಸ್‌ಫರ್ಡಿನದು 1823ರಲ್ಲಿಯೂ ಆರಂಭವಾದವು. ನಮ್ಮ ನಾಡಿನಲ್ಲಿಯೇ ನೋಡುವುದಾದರೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ಉದಾಹರಣೆ ಸಾಕು. ಇಂಗ್ಲಿಷಿನಲ್ಲಿಯೇ ಪಾಠವೂ ಮಾತೂ ನಡೆಯುತ್ತಿದ್ದ ಆ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕನ್ನಡಕ್ಕಾಗಿ ವಿದ್ಯಾರ್ಥಿಗಳನ್ನು ಒಂದೆಡೆ ಸೇರಿಸಿದರು. ಆ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವೆಂಬ ಪತ್ರಿಕೆ ಹೊರಟಿತು. ಅದು ಮುಂದೆ ಕನ್ನಡ ವಿದ್ವತ್ತಿಗೆ ಎಷ್ಟು ದೊಡ್ಡ ಆಶ್ರಯವಾಯಿತೆಂಬುದನ್ನು ಬಲ್ಲವರು ಬಲ್ಲರು.

ಕಲಬುರಗಿಯ ಕಥೆ ಇಷ್ಟು ಸುಗಮವಲ್ಲ. ಈ ಪ್ರಾಂತ ನಿಜಾಮರ ಆಳಿಕೆಗೆ ಸೇರಿದ್ದಾಗ ವಿದ್ಯಾರ್ಥಿಗಳು ಒಂದೆಡೆ ಕೂಡುವುದೇ ಅನುಮಾನಕ್ಕೆ ಎಡೆಯಾಗುತ್ತಿತ್ತು. 1938ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿಗೃಹಗಳಲ್ಲಿ ವಂದೇ ಮಾತರಂ ಹಾಡಬಾರದೆಂಬ ಆಜ್ಞೆ ಹೊರಟಾಗ, ಹಾಡಿಯೇ ಹಾಡುವೆವೆಂದ ನೂರಾರು ವಿದ್ಯಾರ್ಥಿಗಳನ್ನು ಹೊರಗೆ ಹಾಕಿದರು. ಔರಂಗಾಬಾದು ಕಲಬುರಗಿಗಳ ಕಾಲೇಜುಗಳಿಗೂ ಆ ಚಳವಳಿ ಹಬ್ಬಿತು. ಹೊರಬಿದ್ದವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಇಂದು ನಮ್ಮ ಹುಡುಗರು ಒಂದು ನೋಟೀಸನ್ನು ಅಂಟಿಸಿ ಸಭೆ ಕರೆಯುತ್ತಾರೆ. ಇದೇ ನೆಲದಲ್ಲಿ, ಇವರ ಮುತ್ತಜ್ಜಂದಿರ ಕಾಲಕ್ಕೆ, ಕೂಡಿ ಒಂದು ಹಾಡು ಹೇಳಿದ್ದಕ್ಕೆ ವಿದ್ಯೆಯನ್ನೇ ಕಳೆದುಕೊಳ್ಳುವ ಭಯವಿತ್ತು. ಸಭೆ ಸೇರುವ ಸ್ವಾತಂತ್ರ್ಯವನ್ನು ಹಗುರವಾಗಿ ಬಳಸಬಾರದೆಂಬುದಕ್ಕೆ ಬೇರೆ ಕಾರಣ ಬೇಕಿಲ್ಲ.

ಉಚ್ಚ ಶಿಕ್ಷಣ ಇಲ್ಲಿಗೆ ತಡವಾಗಿ ಬಂತು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾದುದು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಆಳಂದದ ದಾರಿಯ ಕಡಗಂಚಿ ನೆಲೆಯಾಯಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75ರಷ್ಟಿದ್ದಾಗ ಈ ಜಿಲ್ಲೆಯದು ಶೇಕಡ 65ರಷ್ಟಿತ್ತು. ಇಲ್ಲಿಯ ಹೆಣ್ಣುಮಕ್ಕಳಲ್ಲಿ ಶೇಕಡ 55ರಷ್ಟು ಮಾತ್ರ. ಈ ಅಂಕಿಗಳ ಅರ್ಥವೇನೆಂದರೆ, ನಮ್ಮ ತರಗತಿಯಲ್ಲಿ ಕುಳಿತವರಲ್ಲಿ ಬಹಳ ಮಂದಿ ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಓದಿದ ಮನೆಯ ಹುಡುಗನಿಗೆ ಊಟದ ಹೊತ್ತಿನ ಮಾತಿನಲ್ಲಿಯೇ ಬರುವ ಲೋಕಜ್ಞಾನವನ್ನೂ ಸಭೆಯ ಧೈರ್ಯವನ್ನೂ ಇವರಿಗೆ ಸಂಘವೇ ಕೊಡಬೇಕು. ಅದು ಕೊಡದಿದ್ದರೆ ಮತ್ತೆಲ್ಲಿಯೂ ಸಿಕ್ಕಲಾರದು.

ಕೊಡುತ್ತಿದೆಯೇ? ಇದಕ್ಕೆ ಕಮಲಾಪುರದ ಬಸ್ಸು ಉತ್ತರ ಹೇಳಬಲ್ಲದು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, 40 ಕಿಲೋಮೀಟರಿಗೆ ಮೀರದ ದೂರದಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವಿದೆ. ಅಲ್ಲಿಂದಲೂ ಸುತ್ತಲ ಹಳ್ಳಿ ತಾಂಡಾಗಳಿಂದಲೂ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ನಗರಕ್ಕೆ ಬಂದು, ಸಂಜೆಗೆ ಮರಳುವ ವಿದ್ಯಾರ್ಥಿಗಳುಂಟು. ನಮ್ಮ ಸಂಘಗಳ ಸಭೆಗಳಾದರೋ ಪಾಠ ಮುಗಿದ ಮೇಲೆ, ಸಂಜೆ ಐದಕ್ಕೆಂದು ಗೊತ್ತುಮಾಡಿ, ಅತಿಥಿಗಳು ಬರುವುದು ತಡವಾಗಿ ಆರಕ್ಕೆ ಆರಂಭವಾಗುತ್ತವೆ. ಆ ಹೊತ್ತಿಗೆ ಹಳ್ಳಿಯ ವಿದ್ಯಾರ್ಥಿ ಬಸ್‌ನಿಲ್ದಾಣದಲ್ಲಿರುತ್ತಾನೆ. ಹೆಣ್ಣುಮಗಳಂತೂ ಮೊದಲೇ ಹೊರಟಿರುತ್ತಾಳೆ. ಸರ್ಕಾರವು 2023ರ ಜೂನಿನಲ್ಲಿ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವನ್ನು ಬಿಟ್ಟಿತು. ಅದರಿಂದ ಎಷ್ಟೋ ಮನೆಗಳಲ್ಲಿ ಮಗಳ ಓದು ಮುಂದುವರಿಯಿತು. ಆದರೆ ಬಸ್ಸಿನ ಖರ್ಚು ತಪ್ಪಿತೇ ಹೊರತು ಬಸ್ಸಿನ ಹೊತ್ತು ತಪ್ಪಲಿಲ್ಲ. ಹೀಗಿರಲು, ನಗರದಲ್ಲಿಯೇ ಮನೆಯುಳ್ಳವರೂ ವಸತಿಗೃಹದವರೂ ಪದಾಧಿಕಾರಿಗಳಾಗುತ್ತಾರೆ. ಹಳ್ಳಿಯವರು ಚಂದಾ ಕೊಟ್ಟ ಸದಸ್ಯರಾಗಿ ಉಳಿಯುತ್ತಾರೆ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಗಡಿಯಾರವನ್ನು ನೋಡದೆ ಮಾಡಿದ್ದು.

ಪರಿಹಾರ ಕಷ್ಟವಲ್ಲ. ವಾರದಲ್ಲಿ ಒಂದು ದಿನ ಮಧ್ಯಾಹ್ನದ ವಿರಾಮಕ್ಕೆ ಒಂದು ಗಂಟೆಯನ್ನು ಸೇರಿಸಿ ಅದನ್ನು ಸಂಘಕ್ಕೆಂದೇ ಮೀಸಲಿಡಬಹುದು. ಸಂತೋಷಕೂಟವೆಂದರೆ ದೊಡ್ಡ ವೇದಿಕೆ, ಬಾಡಿಗೆಯ ಧ್ವನಿವರ್ಧಕ, ದೂರದ ಅತಿಥಿ ಎಂದು ತಿಳಿಯಬೇಕಾಗಿಲ್ಲ. ಎಲ್ಲರೂ ತಮ್ಮ ತಮ್ಮ ಬುತ್ತಿಯನ್ನು ಬಿಚ್ಚಿ ಒಂದೆಡೆ ಉಣ್ಣಲಿ. ಒಬ್ಬನ ಜೋಳದ ರೊಟ್ಟಿ, ಒಬ್ಬಳ ಪುಂಡಿಪಲ್ಯ, ಇನ್ನೊಬ್ಬನ ಶೇಂಗಾಹಿಂಡಿ ಕೈಯಿಂದ ಕೈಗೆ ಹೋದ ಮೇಲೆ, ಅದುವರೆಗೆ ಬೆಂಚಿನ ತುದಿಯಲ್ಲಿ ಬಾಯಿ ಮುಚ್ಚಿ ಕುಳಿತವನೂ ಮಾತಾಡುತ್ತಾನೆ. ಹಂಚಿ ಉಣ್ಣುವುದಕ್ಕೆ ದಾಸೋಹವೆಂಬ ಹೆಸರಿಟ್ಟ ಊರು ನಮ್ಮದು. ಶರಣಬಸವೇಶ್ವರರ ಸನ್ನಿಧಿಯಲ್ಲಿ ಅದರ ಅರ್ಥವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಇನ್ನು ಚರ್ಚೆಯ ವಿಷಯ. ನಮ್ಮಲ್ಲಿ ಚರ್ಚಾಸ್ಪರ್ಧೆಗಳು ಹೇರಳ, ಚರ್ಚೆಗಳು ಕಡಮೆ. ಸ್ಪರ್ಧೆಯಲ್ಲಿ ಪರ ವಿರೋಧಗಳು ಚೀಟಿಯ ಮೇಲೆ ನಿಶ್ಚಯವಾಗುತ್ತವೆ. ಬಾಯಿಪಾಠ ಮಾಡಿದ ಐದು ನಿಮಿಷದ ವಾಗ್ಝರಿ, ಗಂಟೆಯ ಸದ್ದು, ಪಾರಿತೋಷಕ, ಅಲ್ಲಿಗೆ ಮುಗಿಯಿತು. ಇದರಿಂದ ನಾಲಿಗೆ ಹರಿತವಾಗುತ್ತದೆಂಬುದನ್ನು ಅಲ್ಲಗಳೆಯಲಾರೆ. ಆದರೆ ಎದುರಾಳಿಯ ಮಾತನ್ನು ಕೇಳಿ, ಹೌದೆನಿಸಿದರೆ ತನ್ನ ಅಭಿಪ್ರಾಯವನ್ನು ಬದಲಿಸಿಕೊಳ್ಳುವ ಅಭ್ಯಾಸ ಅಲ್ಲಿ ಆಗದು. ಬದಲಿಸಿಕೊಂಡವನಿಗೆ ಅಂಕ ಸಿಕ್ಕುವುದಿಲ್ಲ. ಪ್ರಜಾರಾಜ್ಯಕ್ಕೆ ಬೇಕಾದುದು ಗೆಲ್ಲುವ ಮಾತಿಗಿಂತ ತಿಳಿಯುವ ಮಾತು.

ಕಮಲಾಪುರವನ್ನು ದಾಟಿ ಹುಮನಾಬಾದಿನ ಮೇಲೆ ಮುಂದೆ ಹೋದರೆ ಬಸವಕಲ್ಯಾಣ ಸಿಕ್ಕುತ್ತದೆ. ಹನ್ನೆರಡನೆಯ ಶತಮಾನದ ಆ ಕಲ್ಯಾಣದಲ್ಲಿ ಶರಣರು ಕೂಡಿ ನಡೆಸಿದ ಅನುಭವಗೋಷ್ಠಿಯನ್ನು ನಾಡು ಇಂದಿಗೂ ನೆನೆಯುತ್ತದೆ. ಅಲ್ಲಿ ಮಾತಾಡಿದವರೆಂದು ಪರಂಪರೆ ಹೆಸರಿಸುವವರಲ್ಲಿ ಅಂಬಿಗನುಂಟು, ಮಡಿವಾಳನುಂಟು, ಅಕ್ಕಿ ಆಯುತ್ತಿದ್ದ ದಂಪತಿಗಳುಂಟು. ದುಡಿಮೆ ಬೇರೆ, ವಿಚಾರ ಬೇರೆ ಎಂದು ಅವರು ಎಣಿಸಲಿಲ್ಲ. ಓದು ಬಾರದ ಜನರೂ ಮಾತಿನ ಮರ್ಮವನ್ನು ಬಲ್ಲರೆಂಬ ಅಭಿಮಾನವನ್ನು ಇದೇ ಜಿಲ್ಲೆಯ ಮಳಖೇಡದ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ ತಾಳಿತ್ತು. ಇಂಥ ನೆಲದ ವಿದ್ಯಾರ್ಥಿ, ತನಗೆ ಇಂಗ್ಲಿಷು ಬಾರದು, ತನ್ನ ಕನ್ನಡ ಗ್ರಂಥದ ಕನ್ನಡವಲ್ಲ, ಮನೆಯಲ್ಲಿ ಆಡುವುದು ಉರ್ದು, ಅಥವಾ ಲಂಬಾಣಿ, ಎಂಬ ಸಂಕೋಚದಿಂದ ಸಭೆಯಲ್ಲಿ ಬಾಯಿ ತೆರೆಯದಿದ್ದರೆ ತಪ್ಪು ಅವನದಲ್ಲ. ಭಾಷೆ ತೊಡರಿದರೂ ಚಿಂತೆಯಿಲ್ಲ, ಹೇಳು ಎನ್ನುವ ಅಧ್ಯಕ್ಷನೊಬ್ಬ ಬೇಕು.

ಚರ್ಚೆಗೆ ವಿಷಯಗಳನ್ನೂ ಹತ್ತಿರದಿಂದ ಆರಿಸಿಕೊಳ್ಳಬಹುದು. ಕಮಲಾಪುರದ ಕೆಂಪು ಬಾಳೆಯನ್ನೇ ತೆಗೆದುಕೊಳ್ಳಿ. ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಆದರೂ ಇತರ ಬಾಳೆಗಿಂತ ಅದು ಹೆಚ್ಚು ಕಾಲ ಭೂಮಿಯಲ್ಲಿ ನಿಲ್ಲುವ ಬೆಳೆ. ನೀರು ಬೇಡುವ ಬೆಳೆ. ಹೆಸರಿಗೆ ಸಿಕ್ಕ ಮನ್ನಣೆಯಿಂದ ಬೆಳೆದವನ ಕೈಗೆ ಎಷ್ಟು ಬಂತು? ಬಾವಿಯ ನೀರು ಎಷ್ಟು ಆಳಕ್ಕೆ ಹೋಗಿದೆ? ತೋಟದವನಿಗೂ ಪೇಟೆಯವನಿಗೂ ನಡುವೆ ದರ ಎಷ್ಟು ಏರುತ್ತದೆ? ಅರ್ಥಶಾಸ್ತ್ರದವರು, ಸಸ್ಯಶಾಸ್ತ್ರದವರು, ವಾಣಿಜ್ಯದವರು ಈ ಒಂದು ಹಣ್ಣಿನ ಸುತ್ತ ಒಂದು ವರ್ಷವೆಲ್ಲ ಮಾತಾಡಬಹುದು. ಆಗ ಕಮಲಾಪುರದಿಂದ ಬರುವ ರೈತನ ಮಗನೇ ಸಭೆಗೆ ಗುರುವಾಗುತ್ತಾನೆ.

ಇಲ್ಲಿಂದ ಸೇವೆಗೆ ದಾರಿ ತಾನಾಗಿಯೇ ತೆರೆಯುತ್ತದೆ. ವಿದ್ಯಾವಂತರು ಬಡವರ ನಡುವೆ ಹೋಗಿ ನೆಲೆಸಬೇಕೆಂಬ ಸಂಕಲ್ಪದಿಂದ 1884ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಟಾಯ್ನ್‌ಬಿ ಹಾಲ್ ಎಂಬ ಸಂಸ್ಥೆ ಹುಟ್ಟಿತು. ಆಕ್ಸ್‌ಫರ್ಡ್ ಕೇಂಬ್ರಿಜ್ಜಿನ ತರುಣರು ಅಲ್ಲಿ ವಾಸಮಾಡಿ ನೆರೆಯವರಾದರು. ನಮ್ಮ ದೇಶದಲ್ಲಿ ಗಾಂಧೀಜಿಯವರ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗಿನ ಶಿಕ್ಷಣ ಮಂತ್ರಿಗಳಾದ ಡಾಕ್ಟರ್ ವಿ. ಕೆ. ಆರ್. ವಿ. ರಾಯರು ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳೊಡನೆ ಆರಂಭಿಸಿದರು. ಅದರ ನಿಯಮದಂತೆ ಸ್ವಯಂಸೇವಕನು ಎರಡು ವರ್ಷಗಳಲ್ಲಿ 240 ಗಂಟೆ ಕೆಲಸ ಮಾಡತಕ್ಕದ್ದು. ಅದಲ್ಲದೆ ಏಳು ದಿನ ಒಂದು ಹಳ್ಳಿಯಲ್ಲಿ ಶಿಬಿರ ಹೂಡತಕ್ಕದ್ದು. ನನಗಲ್ಲ, ನಿನಗೆ ಎಂಬುದು ಅದರ ಧ್ಯೇಯ.

ಶಿಬಿರದ ಏಳು ದಿನಗಳು ಚೆನ್ನಾಗಿಯೇ ಕಳೆಯುತ್ತವೆ. ಬೆಳಗ್ಗೆ ಪ್ರಭಾತಫೇರಿ, ಹಗಲು ಶ್ರಮದಾನ, ಸಂಜೆ ಉಪನ್ಯಾಸ, ರಾತ್ರಿ ಹಾಡು, ನಾಟಕ. ಕಮಲಾಪುರದ ಕಡೆಯ ಹಳ್ಳಿಯೊಂದರಲ್ಲಿ ಸಮಾರೋಪದ ದಿನ, ತನ್ನ ಮನೆಯ ಮುಂದಿನ ಗಟಾರವನ್ನು ನೋಡುತ್ತ ನಿಂತಿದ್ದ ಮುದುಕಿಯೊಬ್ಬಳು ನಮ್ಮ ಹುಡುಗರನ್ನು ಕೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: “ಗಟಾರ ಸಾಫ್ ಮಾಡೀರಿ, ಛಲೋ ಆಯ್ತ್ರಿ. ಮತ್ತ ತುಂಬಿದ್ರ ಯಾರ್ ಬರ್ತೀರಿ ಯಪ್ಪಾ?” ಅದರಲ್ಲಿ ವ್ಯಂಗ್ಯವಿರಲಿಲ್ಲ, ಅವಳಿಗೆ ಉತ್ತರ ಬೇಕಾಗಿತ್ತು. ನಮ್ಮ ಸೇವೆಯ ಬೆಲೆಯೆಲ್ಲ ಆ ಎಂಟನೆಯ ದಿನದ ಮೇಲೆ ನಿಂತಿದೆ. ಗಟಾರ ಏಕೆ ತುಂಬುತ್ತದೆ, ಅದನ್ನು ನೋಡಿಕೊಳ್ಳತಕ್ಕವರು ಯಾರು, ಪಂಚಾಯಿತಿಗೆ ಅರ್ಜಿ ಬರೆಯುವುದು ಹೇಗೆ, ಗ್ರಾಮಸಭೆಯಲ್ಲಿ ಆ ಮಾತನ್ನು ಎತ್ತುವವರಾರು ಎಂಬುದನ್ನು ಊರಿನವರೊಡನೆ ಕುಳಿತು ಮಾತಾಡದೆ, ಸಲಿಕೆ ಹಿಡಿದು ಹೊರಟರೆ ಆಗುವುದು ಇಷ್ಟೇ. ಚರ್ಚೆ ಇಲ್ಲಿಯೇ ಬೇಕಾಗಿತ್ತು.

ಆದುದರಿಂದ ಮೂರು ಸೂಚನೆಗಳನ್ನು ಸಂಘದ ತರುಣರ ಮುಂದಿಡುತ್ತೇನೆ. ಒಂದನೆಯದು, ವರ್ಷಕ್ಕೊಂದು ಹೊಸ ಹಳ್ಳಿಯನ್ನು ಹುಡುಕದೆ, ಒಂದೇ ಹಳ್ಳಿಗೆ ಹಲವು ವರ್ಷ ಹೋಗಿರಿ. ತಿಂಗಳಿಗೆ ಒಂದು ಭಾನುವಾರವಾದರೂ ಹೋಗಿರಿ. ಎರಡನೆಯದು, ಮಾಡಿದ ಕೆಲಸ, ಉಳಿದ ಕೆಲಸ, ಊರಿನವರು ಹೇಳಿದ ಮಾತು ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ನೀವು ಪದವಿ ಪಡೆದು ಹೊರಡುವಾಗ ಮುಂದಿನವರ ಕೈಗೆ ಒಪ್ಪಿಸಿರಿ. ವಿದ್ಯಾರ್ಥಿಗಳು ಬದಲಾದರೂ ಸಂಘದ ನೆನಪು ಅಳಿಯಬಾರದು. ಮೂರನೆಯದು, ವರ್ಷದ ಸಭೆಗಳಲ್ಲಿ ಒಂದೆರಡನ್ನಾದರೂ ನಗರದಲ್ಲಿ ನಡೆಸದೆ ಕಮಲಾಪುರದಲ್ಲಿ ನಡೆಸಿರಿ. ಅಂದು ಬಸ್ಸು ಹಿಡಿಯುವ ಕಷ್ಟ ನಗರದವರಿಗಿರಲಿ. ತನ್ನೂರಿನಲ್ಲಿ ಸಂಘದ ಸಭೆ ನಡೆದುದನ್ನು ನೋಡಿದ ತಂದೆತಾಯಿಗಳು ಮಗಳನ್ನು ನಾಳೆ ಸಂಘಕ್ಕೆ ಕಳುಹಿಸಲು ಹಿಂದುಮುಂದು ನೋಡರು.

ಇಷ್ಟನ್ನು ಕೇಳಿ ಹಿರಿಯರು ಒಂದು ಆಕ್ಷೇಪವನ್ನೆತ್ತಬಹುದು. ಬಡತನದಲ್ಲಿ ಮಗನನ್ನು ಓದಿಸುತ್ತಿದ್ದೇವೆ, ಅವನಿಗೆ ಬೇಕಾದುದು ಅಂಕ ಮತ್ತು ಉದ್ಯೋಗ, ಸಂಘ ಸಂಸ್ಥೆಗಳು ಉಳ್ಳವರ ಮಕ್ಕಳಿಗೆ ಎಂದು ಅವರು ಹೇಳಿದರೆ ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಓದನ್ನು ಕೆಡಿಸುವ ಸಂಘ ಬೇಡವೇ ಬೇಡ. ಆದರೆ ಉಳ್ಳವರ ಮಕ್ಕಳಿಗೆ ಸಂಘವಿಲ್ಲದಿದ್ದರೂ ನಡೆಯುತ್ತದೆ. ನಾಲ್ಕು ಜನರ ಪರಿಚಯವೂ ಮಾತಿನ ಚಾತುರ್ಯವೂ ಅವರಿಗೆ ಮನೆಯಲ್ಲಿಯೇ ಇವೆ. ಉದ್ಯೋಗದ ಸಂದರ್ಶನದಲ್ಲಿ, ಕಛೇರಿಯಲ್ಲಿ, ಪಂಚಾಯಿತಿಯಲ್ಲಿ, ಎದ್ದು ನಿಂತು ತನ್ನ ಮಾತನ್ನು ಹೇಳಬೇಕಾದಾಗ ಗಂಟಲು ಕಟ್ಟುವುದು ಬಡವನ ಮಗನಿಗೆ, ಬಡವನ ಮಗಳಿಗೆ. ಅಂಕಪಟ್ಟಿ ಅವರನ್ನು ಬಾಗಿಲವರೆಗೆ ಕರೆದೊಯ್ಯುವುದು. ಒಳಗೆ ಹೋಗಿ ಮಾತಾಡುವ ಧೈರ್ಯವನ್ನು ಬೇರೆಡೆ ಗಳಿಸಬೇಕು.

ವಿಶ್ವವಿದ್ಯಾಲಯಗಳು ಕಟ್ಟಡಗಳಿಂದ ದೊಡ್ಡವಾಗುವುದಿಲ್ಲವೆಂದು ಎಲ್ಲರೂ ಹೇಳುತ್ತೇವೆ. ಅದು ನಿಜವಾದರೆ, ಮುಂದಿನ ವರ್ಷ ಸಂಘದ ವರದಿಯನ್ನು ಓದುವಾಗ ಕಾರ್ಯದರ್ಶಿಗಳು ಸಭೆಗಳ ಸಂಖ್ಯೆಯೊಡನೆ ಇನ್ನೆರಡು ಸಂಖ್ಯೆಗಳನ್ನೂ ಸೇರಿಸಲಿ: ಈ ವರ್ಷ ಸಭೆಯಲ್ಲಿ ಮೊದಲ ಬಾರಿಗೆ ಬಾಯಿ ತೆರೆದವರು ಎಷ್ಟು ಮಂದಿ, ಶಿಬಿರ ಮುಗಿದ ಮೇಲೆ ಆ ಹಳ್ಳಿಗೆ ಮತ್ತೆ ಹೋದ ದಿನಗಳು ಎಷ್ಟು. ಆ ಎರಡು ಸಂಖ್ಯೆಗಳು ಸಣ್ಣವಾಗಿದ್ದರೂ ಚಿಂತೆಯಿಲ್ಲ, ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಸಾಕು. ಅಧ್ಯಾಪಕರೂ ಪೋಷಕರೂ ನಗರದ ಸುಶಿಕ್ಷಿತರೂ ಈ ಲೆಕ್ಕವನ್ನು ಕೇಳಿ ಪಡೆಯಬೇಕೆಂದು ವಿಜ್ಞಾಪಿಸಿ ನನ್ನ ಮಾತನ್ನು ಮುಗಿಸುತ್ತೇನೆ.