ಮರ ಬಿತ್ತು ಅಂತೀವಿ, ಬೀಳಿಸಿದವರು ಯಾರು?

ಇವತ್ತು ಮೊದಲು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಮೇ ತಿಂಗಳ ಸಂಜೆ. ಬೆಂಗಳೂರಲ್ಲಿ ಅರ್ಧ ಗಂಟೆ ಗಾಳಿ, ಮಳೆ. ನ್ಯೂಸ್ ರೂಮಿನಲ್ಲಿ ಫೋನ್ ಮೇಲೆ ಫೋನ್. ಅಲ್ಲಿ ಮರ ಬಿತ್ತು, ಇಲ್ಲಿ ಕಾರು ಜಖಂ, ಇನ್ನೊಂದು ಕಡೆ ಕರೆಂಟ್ ಕಂಬ ನೆಲಕ್ಕೆ. ನಾವೇನು ಮಾಡಿದ್ವಿ? ಪರದೆ ಮೇಲೆ ದಪ್ಪಕ್ಷರದಲ್ಲಿ ಬರೆದ್ವಿ: 'ಯಮಸ್ವರೂಪಿ ಮರ'. ಆ ಎರಡು ಪದ ಬರೆದವನು ನಾನೇ.

ಸ್ವಲ್ಪ ಹೊತ್ತಿಗೆ ಸ್ಥಳದಲ್ಲಿದ್ದ ನಮ್ಮ ವರದಿಗಾರ ಒಂದು ಫೋಟೋ ಕಳಿಸಿದ. ಬಿದ್ದ ಮರದ ಬುಡ. ಒಂದು ಕಡೆಯ ಬೇರುಗಳು ಚಾಕುವಿನಲ್ಲಿ ಬ್ರೆಡ್ ಕೊಯ್ದ ಹಾಗೆ ನೇರವಾಗಿ ಕತ್ತರಿಸಿದ್ವು. ಯಾವುದೋ ಪೈಪಿಗೋ ಕೇಬಲ್ಲಿಗೋ ಅಲ್ಲಿ ಯಂತ್ರ ಬಿಟ್ಟು ಅಗೆದಿದ್ದಾರೆ. ಇನ್ನೊಂದು ಕಡೆ ಕಾಂಡದ ತನಕ ಸಿಮೆಂಟು. ಒಂದು ಕಾಲು ಕತ್ತರಿಸಿ, ಇನ್ನೊಂದು ಕಾಲಿಗೆ ಕಲ್ಲು ಕಟ್ಟಿ ನಿಲ್ಲಿಸಿದ ಮರ ಅದು. ಗಾಳಿ ಬಂತು, ಬಿತ್ತು. ಯಮ ಯಾರು ಹೇಳಿ? ಆದರೂ ಆ ಹೆಡ್‌ಲೈನ್ ಇನ್ನೂ ಒಂದು ಗಂಟೆ ಹಾಗೇ ಓಡ್ತಾ ಇತ್ತು.

ಆವತ್ತು ರಾತ್ರಿ ನನಗೊಂದು ಫೋನ್ ಬಂತು. ಕಾಲೇಜು ಗೆಳೆಯನ ತಾಯಿ. ಮಲ್ಲೇಶ್ವರದಲ್ಲಿ ಹಳೇ ಮನೆ, ಹೆಂಚಿನ ಮಾಡು, ಕೆಂಪು ಗಾರೆ ನೆಲ. ಗೆಳೆಯ ಹೊರದೇಶದಲ್ಲಿದ್ದಾನೆ, ಆಂಟಿ ಒಬ್ಬರೇ. ಹಿತ್ತಲಲ್ಲಿ ಅವರ ಮಾವನವರ ಕಾಲದ ಮಾವಿನಮರ, ಗೇಟಿನ ಪಕ್ಕ ಒಂದು ಗುಲ್‌ಮೊಹರ್. "ನಿಮ್ಮ ಚಾನೆಲ್ ನೋಡ್ದೆ ಕಣೋ. ಗಾಳಿ ಬಂದ್ರೆ ನಿದ್ದೆ ಇಲ್ಲ. ಎರಡನ್ನೂ ಕಡಿಸಿಬಿಡ್ಲಾ?" ಅಂದ್ರು.

ಎರಡು ಪದದ ಬೆಲೆ ಇದು. ಮಾರನೇ ವಾರ ಅವರ ಮನೆಗೆ ಹೋದೆ.

ಅಲ್ಲಿ ಆಗಲೇ ಮೂರು ಸಲಹೆ ಬಂದು ಕೂತಿದ್ವು. ಪಕ್ಕದ ಮನೆಯವರು, "ಬುಡಸಮೇತ ತೆಗೆಸಿ, ಪೀಡೆ ಹೋಗುತ್ತೆ." ಮರ ಕಡಿಯೋ ಮೇಸ್ತ್ರಿ, "ಮೇಲಿಂದ ಅರ್ಧ ಇಳಿಸ್ತೀನಮ್ಮ, ಭಾರ ಕಡಿಮೆಯಾಗುತ್ತೆ." ಇನ್ನು ನಮ್ಮ ಆಂಟಿಯ ತಂಗಿ, "ಹಿರಿಯರು ನೆಟ್ಟಿದ್ದು, ದೇವರಿದ್ದಾನೆ, ಮುಟ್ಟಬೇಡಿ."

ಮೂರೂ ಸಲಹೆಯಲ್ಲಿ ಒಂದು ವಿಷಯ ಕಾಮನ್ ಗಮನಿಸಿ. ಮರಾನ ಯಾರೂ ಪರೀಕ್ಷೆ ಮಾಡಿಲ್ಲ. ಮನುಷ್ಯನಿಗೆ ಎದೆನೋವು ಅಂದರೆ ಮೊದಲು ಇಸಿಜಿ ತಾನೇ? ನೇರವಾಗಿ ಸ್ಮಶಾನಕ್ಕೂ ಕಳಿಸಲ್ಲ, ದೇವರ ಮೇಲೆ ಭಾರ ಹಾಕಿ ಸುಮ್ಮನೆ ಕೂರೋದೂ ಇಲ್ಲ.

ಇದು ಒಂದು ಮನೆಯ ಕಥೆ ಅಲ್ಲ. ಮಲ್ಲೇಶ್ವರ, ಬಸವನಗುಡಿ 1898ರ ಪ್ಲೇಗಿನ ಹೊತ್ತಿನಲ್ಲಿ ರೂಪ ತಳೆದ ಬಡಾವಣೆಗಳು. ಗಾಳಿ ಬೆಳಕು ಬರಲಿ ಅಂತ ಮನೆ ಸುತ್ತ ಜಾಗ ಬಿಟ್ಟರು. ಆ ಜಾಗದಲ್ಲಿ ಮಾವು, ಹಲಸು, ತೆಂಗು, ಸಂಪಿಗೆ ಬಂದವು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಒಂದರ ಹೂವು ಮುಗಿಯುವಾಗ ಇನ್ನೊಂದು ಅರಳುವ ಹಾಗೆ ಊರಿಗೆ ಮರ ಹೊಂದಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ನೆಟ್ಟವರು ಅವರ ಕೆಲಸ ಮಾಡಿ ಹೋದರು. ಮುದಿಯಾದ ಮರಗಳನ್ನ ನೋಡಿಕೊಳ್ಳೋದು ಹೇಗೆ ಅಂತ ಕಲಿಯಬೇಕಾದವರು ನಾವು. ಕಲಿತಿದ್ದೀವಾ?

ಮೊದಲು ಆ 'ಅರ್ಧ ಇಳಿಸೋ' ವಿಚಾರ. ಬೆಂಗಳೂರಲ್ಲಿ ಬೇಸಿಗೆ ಬಂದರೆ ಬೀದಿ ಬೀದಿಯಲ್ಲಿ ನಡೆಯೋದು ಇದೇ. ಮರದ ತಲೆಯನ್ನೇ ಹಾರಿಸಿಬಿಡೋದು. ನೋಡೋಕೆ ಚಿಕ್ಕದಾಯ್ತು, ಅಪಾಯ ಹೋಯ್ತು ಅನ್ಸುತ್ತೆ. ಆಗೋದು ಉಲ್ಟಾ. ಎಲೆ ಅಂದರೆ ಮರದ ಅಡುಗೆಮನೆ. ಅದನ್ನ ಒಂದೇ ದಿನದಲ್ಲಿ ಮುಚ್ಚಿಸಿದರೆ ಬೇರಿಗೆ ಊಟ ಇಲ್ಲ. ಗಾಬರಿಬಿದ್ದ ಮರ ಕತ್ತರಿಸಿದ ಜಾಗದ ಸುತ್ತ ಹತ್ತಾರು ಚಿಗುರು ಒಟ್ಟಿಗೆ ಬಿಡುತ್ತೆ. ಆ ಚಿಗುರುಗಳು ಸಹಜ ಕೊಂಬೆಯ ಹಾಗೆ ಮರದ ಒಳಗಿನಿಂದ ಕೂಡಿಕೊಂಡು ಬಂದದ್ದಲ್ಲ, ತೊಗಟೆಯ ಹತ್ತಿರದ ಪದರಕ್ಕೆ ಅಂಟಿಕೊಂಡದ್ದು. ಕೆಲವೇ ವರ್ಷದಲ್ಲಿ ತೋಳಿನಷ್ಟು ದಪ್ಪ ಆಗುತ್ತವೆ. ಅಷ್ಟು ಹೊತ್ತಿಗೆ ಕೆಳಗೆ ಕತ್ತರಿಸಿದ ಮುಖದಿಂದ ಕೊಳೆ ಒಳಗಿಳಿದಿರುತ್ತೆ. ಮೇಲೆ ಭಾರ, ಕೆಳಗೆ ಕೊಳೆ. ಮುಂದಿನ ಗಾಳಿಗೆ ಮೊದಲು ಬೀಳೋದು ಅದೇ. ದುಡ್ಡು ಕೊಟ್ಟು ಅಪಾಯ ಕೊಂಡುಕೊಂಡ ಹಾಗೆ.

ಅಮೆರಿಕದ ಅರಣ್ಯ ಇಲಾಖೆಯಲ್ಲಿ ಅಲೆಕ್ಸ್ ಶೈಗೋ ಅಂತ ಒಬ್ಬ ವಿಜ್ಞಾನಿ ಇದ್ದರು. ಸಾವಿರಾರು ಮರಗಳನ್ನ ಉದ್ದುದ್ದ ಸೀಳಿ ಒಳಗೇನಾಗಿದೆ ಅಂತ ನೋಡಿದವರು. ಅವರು ಕಂಡುಕೊಂಡದ್ದು ಇಷ್ಟು: ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯಲ್ಲ. ಮರ ಆ ಗಾಯದ ಸುತ್ತ ಒಳಗಡೆ ಗೋಡೆ ಕಟ್ಟಿ, ಕೊಳೆ ಮುಂದಕ್ಕೆ ಹೋಗದ ಹಾಗೆ ತಡೆದು, ಮೇಲೆ ಹೊಸ ಮರ ಬೆಳೆಸುತ್ತೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯ ಹಾಗೆ ಒಂದು ಉಬ್ಬು ಇರುತ್ತೆ, ನೋಡಿದ್ದೀರಾ? ಗೋಡೆ ಕಟ್ಟೋ ಶಕ್ತಿ ಅಲ್ಲಿದೆ. ಆ ಉಬ್ಬನ್ನ ಬಿಟ್ಟು, ಅದರ ಹೊರಗೆ ಕತ್ತರಿಸಬೇಕು. ದೊಡ್ಡ ಕೊಂಬೆಯಾದರೆ ಮೂರು ಕೊಯ್ತ: ಮೊದಲು ಬುಡದಿಂದ ಒಂದಡಿ ಆಚೆ ಕೆಳಗಿನಿಂದ ಸ್ವಲ್ಪ, ಆಮೇಲೆ ಅದಕ್ಕೂ ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟು. ಹೀಗೆ ಮಾಡಿದರೆ ಕೊಂಬೆ ಬೀಳುವಾಗ ತೊಗಟೆ ಸೀಳಿಕೊಂಡು ಹೋಗಲ್ಲ. ಕೊಯ್ದ ಜಾಗಕ್ಕೆ ಟಾರು, ಬಣ್ಣ ಬಳಿಯೋದು ಬೇಡ. ಅದರಿಂದ ಕೊಳೆ ನಿಲ್ಲಲ್ಲ.

ಎರಡನೇದು ಬೇರು. ಮರದ ಬೇರು ಮೂಲಂಗಿ ಹಾಗೆ ನೇರ ಪಾತಾಳಕ್ಕೆ ಹೋಗಿರುತ್ತೆ ಅಂದ್ಕೊಂಡಿದ್ದೀವಿ. ಬಹುಪಾಲು ಬೇರು ಇರೋದು ಮೇಲಿನ ಎರಡು ಅಡಿ ಮಣ್ಣಲ್ಲೇ, ಕೊಂಬೆಯ ನೆರಳು ಬೀಳುವ ಜಾಗ ದಾಟಿ ಹರಡಿಕೊಂಡು. ಅಂದರೆ ನಿಮ್ಮ ಸಂಪಿನ ಗುಂಡಿ, ಹೊಸ ಕಾಂಪೌಂಡಿನ ಪಾಯ, ಕಾರು ನಿಲ್ಲಿಸೋ ಕಾಂಕ್ರೀಟು, ಎಲ್ಲ ಅದರ ಮೇಲೇ. ಬೇರಿಗೂ ಉಸಿರು ಬೇಕು ಸ್ವಾಮಿ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ಕಿತ್ತುಹಾಕಿ ಅಂತ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2013ರಲ್ಲೇ ಹೇಳಿತು. ನಮ್ಮ ಮನೆಯಂಗಳದಲ್ಲಿ ಅದನ್ನ ಮಾಡೋಕೆ ನ್ಯಾಯಾಧಿಕರಣ ಬೇಕಾ? ಒಂದು ಹಾರೆ ಸಾಕು.

ಮೂರನೇದು ಪೊಟರೆ. ಆಂಟಿಯ ಮಾವಿನಮರದಲ್ಲಿ ಒಂದು ಪೊಟರೆ ಇತ್ತು. ಎಲ್ಲರ ಭಯ ಅದರ ಮೇಲೇ. ಇಲ್ಲಿ ನನ್ನ ಇಂಜಿನಿಯರಿಂಗ್ ಓದು ಒಂಚೂರು ಉಪಯೋಗಕ್ಕೆ ಬಂತು. ಗಟ್ಟಿ ಸರಳಿಗೂ ಪೈಪಿಗೂ ಬಾಗುವ ಬಲದಲ್ಲಿ ಎಷ್ಟು ವ್ಯತ್ಯಾಸ? ಒಳಗಿನ ವ್ಯಾಸ ಹೊರಗಿನ ವ್ಯಾಸದ ಅರ್ಧದಷ್ಟು ಟೊಳ್ಳಾದರೆ, ಲೆಕ್ಕದಲ್ಲಿ ಕಳೆದುಹೋಗೋ ಬಲ ನೂರಕ್ಕೆ ಸುಮಾರು 6 ಅಷ್ಟೇ. ಎಪ್ಪತ್ತು ಭಾಗ ಟೊಳ್ಳಾದರೆ ನೂರಕ್ಕೆ 24. ತೊಂಬತ್ತಕ್ಕೆ ಹೋದರೆ ನೂರಕ್ಕೆ 66 ಹೋಯ್ತು. ಅಂದರೆ ಪೊಟರೆ ಇದ್ದ ಮಾತ್ರಕ್ಕೆ ಮರಣದಂಡನೆ ಬೇಡ, ಉಳಿದ ಗೋಡೆ ಎಷ್ಟು ದಪ್ಪ ಅನ್ನೋದು ಮುಖ್ಯ. ಮರ ಪರೀಕ್ಷೆ ಮಾಡುವವರೂ ಗೋಡೆ ತ್ರಿಜ್ಯದ ಮೂರನೇ ಒಂದು ಭಾಗದಷ್ಟಾದರೂ ಗಟ್ಟಿ ಇದೆಯಾ ಅಂತ ನೋಡ್ತಾರೆ. ಆದರೆ ಮರ ಕಾರ್ಖಾನೆಯ ಪೈಪ್ ಅಲ್ಲ. ಟೊಳ್ಳು ಒಂದೇ ಪಕ್ಕಕ್ಕಿರಬಹುದು, ಬಿರುಕಿರಬಹುದು, ಬೇರೇ ಕೊಳೆತಿರಬಹುದು. ನನ್ನ ಲೆಕ್ಕ ನಂಬಿಕೊಂಡು ಯಾರೂ ಮನೆಯಲ್ಲೇ ತೀರ್ಪು ಕೊಡಬೇಡಿ.

ಹಾಗಾದರೆ ಯಾರು ಹೇಳಬೇಕು? ಇದನ್ನೇ ಕಲಿತ ಕಸುಬಿನವರಿದ್ದಾರೆ, ಅರ್ಬರಿಸ್ಟ್ ಅಂತಾರೆ. ಅವರ ಅಂತರರಾಷ್ಟ್ರೀಯ ಸಂಘ 1924ರಿಂದ ಇದೆ, ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತೆ. ನಮ್ಮಲ್ಲಿ ಅಂಥವರು ಕಡಿಮೆ. ನಮಗೆ ಸಿಗೋದು ಕಡಿಯೋ ಮೇಸ್ತ್ರಿ. ಅವರನ್ನ ಹೀಯಾಳಿಸ್ತಿಲ್ಲ. ಹೆಲ್ಮೆಟ್ ಇಲ್ಲದೆ, ಸೊಂಟಕ್ಕೊಂದು ಸರಿಯಾದ ಹಗ್ಗ ಇಲ್ಲದೆ, ನಲವತ್ತು ಅಡಿ ಮೇಲೆ ಕೂತು ಗರಗಸ ಹಿಡಿಯೋ ಜೀವ ಅದು. ಆದರೆ ಕಡಿದರೆ ಮಾತ್ರ ಕೂಲಿ, ಕಡಿದ ಸೌದೆಯೂ ಅವರಿಗೇ ಅನ್ನೋ ವ್ಯವಹಾರ ಇದ್ದಾಗ, 'ಕಡಿಯೋದು ಬೇಡ' ಅಂತ ಅವರು ಯಾಕೆ ಹೇಳ್ತಾರೆ? ನಮ್ಮ ತೋಟಗಾರಿಕೆ ಕಾಲೇಜುಗಳು, ಪಾಲಿಕೆ ಸೇರಿ ಇದೇ ಕೈಗಳಿಗೆ ತರಬೇತಿ, ಸಲಕರಣೆ, ಪ್ರಮಾಣಪತ್ರ ಕೊಟ್ಟರೆ ಅವರ ಜೀವವೂ ಉಳಿಯುತ್ತೆ, ಮರವೂ ಉಳಿಯುತ್ತೆ.

ಇನ್ನೊಂದು ಮಾತು. ನಮ್ಮ ಜಾಗ, ನಮ್ಮ ಮರ ಅಂತ ಕೊಡಲಿ ಎತ್ತೋ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಖಾಸಗಿ ಜಾಗದ ಮರಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಕೇಳಿಕೊಳ್ಳಿ. ಅರ್ಜಿ ಕೊಟ್ಟರೆ ತಿಂಗಳುಗಟ್ಟಲೆ ಬರಲ್ಲ ಅಂತೀರಾ? ಆ ದೂರು ನನಗೂ ಬಂದಿದೆ. ಅದಕ್ಕೇ ಅಧಿಕಾರಿಗಳಿಗೆ ಒಂದು ಮಾತು: ಮಳೆಗಾಲದ ಮೊದಲು ಒಬ್ಬ ಮುದುಕಿ ಕೊಟ್ಟ ಅರ್ಜಿಯನ್ನ ಮಳೆಗಾಲ ಮುಗಿದ ಮೇಲೆ ನೋಡೋದು ಸೇವೆಯಲ್ಲ.

ಸರಿ, ಆಂಟಿ ಮನೆಯಲ್ಲಿ ಏನಾಯ್ತು? ಹುಡುಕಿ ಒಬ್ಬ ತಿಳಿದವರನ್ನ ಕರೆಸಿದ್ವಿ. ಅವರು ಗರಗಸ ತರಲಿಲ್ಲ, ಮರದ ಸುತ್ತಿಗೆ ತಂದರು. ಎರಡು ಗಂಟೆ ತಟ್ಟಿದರು, ಕೇಳಿಸಿಕೊಂಡರು, ಬುಡದ ಮಣ್ಣು ಕೆದಕಿದರು. ಮಾವಿನಮರದ ಗೋಡೆ ಗಟ್ಟಿ ಇತ್ತು. ಒಣಗಿದ ಎರಡು ಕೊಂಬೆ, ಮಾಡಿನ ಮೇಲೆ ಬಾಗಿದ ಒಂದು ಕೊಂಬೆ ತೆಗೆಯಿರಿ, ಬುಡದ ಸಿಮೆಂಟು ಒಡೆಯಿರಿ, ತರಗೆಲೆ ಹಾಸಿ ಅಂದರು. ಆಮೇಲೆ ಗೇಟಿನ ಹತ್ತಿರ ಬಂದರು. ಯಾರೂ ಹೆದರದೆ ಇದ್ದ, ಹೂ ತುಂಬಿಕೊಂಡು ನಿಂತ ಗುಲ್‌ಮೊಹರ್. ಬುಡದಲ್ಲಿ ತಟ್ಟೆಯಂಥ ಅಣಬೆ. ಬೇರು ಕೊಳೆತಿತ್ತು. "ಇದನ್ನ ಉಳಿಸೋಕಾಗಲ್ಲಮ್ಮ" ಅಂದರು.

ಆಂಟಿ ಕಣ್ಣೊರೆಸಿಕೊಂಡರು. ಆ ಗಿಡ ನೆಟ್ಟಿದ್ದು ನನ್ನ ಗೆಳೆಯ, ಸ್ಕೂಲಲ್ಲಿದ್ದಾಗ. ಅನುಮತಿ ಬಂದ ಮೇಲೆ ಅದನ್ನ ತೆಗೆದರು. ಆ ಜಾಗದಲ್ಲಿ ಈಗ ಒಂದು ಹೊಂಗೆ ಸಸಿ ಇದೆ.

ನೋಡಿ, ಎಲ್ಲರೂ ಹೆದರಿದ್ದ ಮರ ಗಟ್ಟಿಯಾಗಿತ್ತು, ಯಾರೂ ನೋಡದ ಮರ ಒಳಗೇ ಕೊಳೆತಿತ್ತು. ಪರೀಕ್ಷೆ ಮಾಡದೆ ಕಡಿಸಿದ್ದರೆ ಒಳ್ಳೇದು ಹೋಗ್ತಿತ್ತು. ಮುಟ್ಟದೆ ಬಿಟ್ಟಿದ್ದರೆ ಗೇಟಿನ ಮುಂದೆ ನಡೆದುಹೋಗೋ ಯಾವುದೋ ಮಗುವಿನ ಮೇಲೆ ಗುಲ್‌ಮೊಹರ್ ಬೀಳ್ತಿತ್ತು.

ನಿಮ್ಮ ಮನೆಯಲ್ಲಿ ಹಳೇ ಮರ ಇದ್ದರೆ ಈ ಭಾನುವಾರ ಒಂದು ಸುತ್ತು ಹಾಕಿ. ಬುಡದಲ್ಲಿ ಅಣಬೆ ಇದೆಯಾ? ಒಂದು ಕಡೆ ಮಣ್ಣು ಎದ್ದು ಬಿರುಕು ಬಿಟ್ಟಿದೆಯಾ? ಮೊದಲಿಗಿಂತ ಹೆಚ್ಚು ವಾಲಿದೆಯಾ? ಮೇಲೆ ಒಣ ಕೊಂಬೆ ನೇತಾಡ್ತಾ ಇದೆಯಾ? ಇದರಲ್ಲಿ ಒಂದಿದ್ದರೂ ತಿಳಿದವರನ್ನ ಕರೆಸಿ. ಕೊಂಬೆ ಕರೆಂಟ್ ತಂತಿಗೆ ತಾಗುತ್ತಿದ್ದರೆ ನೀವು ಮುಟ್ಟಲೇಬೇಡಿ, ವಿದ್ಯುತ್ ಕಚೇರಿಗೆ ಹೇಳಿ.

ನನ್ನ ಪಾಲಿನ ಕೆಲಸವೂ ಒಂದಿದೆ. ಇನ್ನು ಮುಂದೆ ನಮ್ಮ ಕಾರ್ಯಕ್ರಮದಲ್ಲಿ ಬಿದ್ದ ಮರ ತೋರಿಸುವ ಮೊದಲು ಅದರ ಬೇರು ತೋರಿಸ್ತೀವಿ. ಕತ್ತರಿಸಿದ್ದು ಯಾರು ಅಂತ ಕೇಳ್ತೀವಿ. 'ಯಮಸ್ವರೂಪಿ' ಅನ್ನೋ ಪದ ಮರಕ್ಕೆ ಬಳಸಲ್ಲ.