ಅಡ್ಮಿಷನ್ ರಿಜಿಸ್ಟರಿಗೊಂದು ಹಳೆಯ ಲೆನ್ಸು



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಹೋದವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಅಂದುಕೊಂಡಿದ್ದರೆ ಕ್ಷಮಿಸಿ. ನಾನು ಹೇಳುವುದು ಒಂದು ಹಳೆಯ ಲೆನ್ಸಿನ ವಿಷಯ.

ಸುವರ್ಣ ಮಹೋತ್ಸವಕ್ಕೆಂದು ಶಾಲೆಯ ಮೊದಲ ಅಡ್ಮಿಷನ್ ರಿಜಿಸ್ಟರಿನ ಪುಟಗಳ ಫೋಟೋ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಶಾಯಿ ಮಾಸಿದೆ, ಅಂಚನ್ನು ಹುಳ ತಿಂದಿದೆ. ಕ್ಯಾಮೆರಾ ಜೊತೆ ಬಂದಿದ್ದ ಜೂಮ್ ಲೆನ್ಸಿನಲ್ಲೇ ಅರ್ಧ ಪುಸ್ತಕ ಮುಗಿಸಿದೆ. ಮನೆಗೆ ಹೋಗಿ ದೊಡ್ಡದು ಮಾಡಿ ನೋಡಿದರೆ, ಪುಟದ ನಡುವೆ ಎಲ್ಲ ಸ್ಪಷ್ಟ. ಮೂಲೆಯಲ್ಲಿ ಒಬ್ಬ ಹುಡುಗನ ತಂದೆ ಚಿನ್ನಪ್ಪನೋ ಚೆನ್ನಪ್ಪನೋ ತಿಳಿಯಲಿಲ್ಲ. ಗುಡಿಸಿಗೂ ಎತ್ವಕ್ಕೂ ವ್ಯತ್ಯಾಸವೇ ಅಳಿಸಿಹೋಗಿತ್ತು. ಸರ್ಟಿಫಿಕೇಟಿನಲ್ಲಿ ಹೆಸರು ತಿದ್ದಿಸಲು ಅಲೆದವರಿಗೆ ಇದರ ಬೆಲೆ ಗೊತ್ತು.

ಹತ್ತಿರದ ವಸ್ತುವಿನಲ್ಲಿ ಸಾಮಾನ್ಯ ಲೆನ್ಸಿನ ಫೋಕಸ್ ಬಟ್ಟಲಿನ ಒಳಮೈಯಂತೆ ಬಾಗುತ್ತದೆ, ಕಾಗದವೋ ಚಪ್ಪಟೆ. ಮ್ಯಾಕ್ರೋ ಲೆನ್ಸಿನಲ್ಲಿ ಈ ಬಾಗು ತೀರ ಕಡಿಮೆ. ನಿಕಾನ್‌ನವರ ಮೊದಲ ಮೈಕ್ರೋ-ನಿಕ್ಕೋರ್ 1956ರಲ್ಲಿ ಬಂದದ್ದೇ ಜಪಾನಿ ಬರಹವನ್ನು ಮೈಕ್ರೋಫಿಲ್ಮಿಗೆ ಇಳಿಸಲು. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಲೆನ್ಸು, ಗೆರೆಯ ಪಕ್ಕ ಗೆರೆ ತುಂಬಿದ ಕಾಂಜಿಗೆ ಸಾಲುತ್ತಿರಲಿಲ್ಲ. ಒತ್ತಕ್ಷರದ ನಮಗೂ ಅದೇ ಕಷ್ಟ ತಾನೇ?

ಅದೇ ವಂಶದ 55 ಎಂಎಂ, ಎಫ್ 3.5 ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. 105 ಎಂಎಂ ಒಳ್ಳೆಯದು ಎಂದು ಗಾಂಧಿಬಜಾರಿನಲ್ಲಿ ಕಾಫಿ ಕುಡಿಯುತ್ತಾ ಗೆಳೆಯನೊಬ್ಬ ವಾದಿಸಿದ. ಲೆಕ್ಕ ಹಾಕಿ: ಪುಟ 13 ಇಂಚು, ಫುಲ್ ಫ್ರೇಮ್ ಸೆನ್ಸರ್ 36 ಮಿಲಿಮೀಟರ್, ಅಂದರೆ ಚಿತ್ರ ಸುಮಾರು ಒಂಬತ್ತು ಪಟ್ಟು ಕುಗ್ಗಬೇಕು. 55ಕ್ಕೆ ಕ್ಯಾಮೆರಾ ಎರಡು ಅಡಿ ಎತ್ತರದಲ್ಲಿದ್ದರೆ ಸಾಕು. 105ಕ್ಕೆ ಸುಮಾರು ನಾಲ್ಕು ಅಡಿ, ನಾನು ಬೆಂಚು ಹತ್ತಬೇಕು! ಮ್ಯಾಕ್ರೋ ಎಂದ ಕೂಡಲೇ ಇದ್ದ ಗಾತ್ರದಲ್ಲೇ ತೆಗೆಯುವ ಲೆನ್ಸು ಬೇಕೆಂಬುದೂ ಇಲ್ಲಿ ವ್ಯರ್ಥ.

ಹಳೆಯದನ್ನು ಕೊಳ್ಳುವಾಗ ಟಾರ್ಚ್ ಬಿಟ್ಟು ಒಳಗೆ ಬೂಷ್ಟು ಇದೆಯೇ ನೋಡಿ, ಫೋಕಸ್ ರಿಂಗ್ ತಿರುಗಿಸಿ. ಹೊರಮೈಯ ಗೀರಿಗೆ ಹೆದರಬೇಡಿ.

ಆಮೇಲಿನದು ತಾಳ್ಮೆಯ ಕೆಲಸ. ಪುಟದ ಮೇಲೆ ಪುಟ್ಟ ಕನ್ನಡಿ ಇಟ್ಟು, ಲೆನ್ಸಿನ ಬಿಂಬ ಪರದೆಯ ಸರಿಯಾಗಿ ನಡುವೆ ಕಂಡರೆ ಕ್ಯಾಮೆರಾ ನೇರವಾಗಿದೆ ಎಂದರ್ಥ. ಎರಡು ಕಡೆಯಿಂದ 45 ಡಿಗ್ರಿಯಲ್ಲಿ ದೀಪ, ಎಫ್ 8, ಸೆಲ್ಫ್ ಟೈಮರ್. ಫ್ಯಾನ್ ಆಫ್ ಮಾಡಿದ್ದಕ್ಕೆ ಸ್ಟಾಫ್ ರೂಮಿನವರು ಬೈದರು, ಪಾಪ.

ಅಂದಹಾಗೆ, ಅವರು ಚೆನ್ನಪ್ಪ.

ಲೆನ್ಸು ಇನ್ನೂ ನನ್ನ ಬ್ಯಾಗಿನಲ್ಲಿದೆ. ನಿಮ್ಮ ಮನೆಯಲ್ಲಿ ಶಾಲೆಯ ಹಳೆಯ ಗ್ರೂಪ್ ಫೋಟೋ ಇದ್ದರೆ ತನ್ನಿ. ಗಾಜಿಗೆ ಅಂಟಿದ್ದರೆ ಬಿಡಿಸಲು ಹೋಗಬೇಡಿ, ಫ್ರೇಮ್ ಸಮೇತ ತನ್ನಿ.